ಆ ಮದುವೆಯಲ್ಲಿ ನಾನೂ ಇದ್ದೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಮಗೆ ಮಕ್ಕಳಾಗದ ಕಾರಣವನ್ನು ನಿಮ್ಮ ಆಸ್ಪತ್ರೆ ನಾಲ್ಕು ವರ್ಷಗಳಿಂದ ಹುಡುಕುತ್ತಿದೆ. ಆದರೆ ನನ್ನ ಹೆಂಡತಿ ಯಶ್ಮಿತಾಳಲ್ಲಿ ಮಾತ್ರ. ಆ ಮದುವೆಯಲ್ಲಿ ನಾನೂ ಇದ್ದೆ ಎಂಬುದನ್ನು ತಮ್ಮ ಘನ ಗಮನಕ್ಕೆ ತರುತ್ತಿದ್ದೇನೆ. ಫೋಟೋ ಉಂಟು.

ನಾನು ಕಾಟಿಪಳ್ಳದಿಂದ ಹಂಪನಕಟ್ಟೆಗೆ ಬಸ್ಸು ಓಡಿಸುವವನು. ಎಂಟನೆಯಲ್ಲಿ ಶಾಲೆ ಬಿಟ್ಟವನು. ತಪ್ಪು ಬರೆದಿದ್ದರೆ ಮನ್ನಿಸಿ. ಅಚ್ಚಾಗುವ ಕಾಗದವಾದ್ದರಿಂದ ಆಸ್ಪತ್ರೆಯ ಹೆಸರು ಬರೆದಿಲ್ಲ. ಬರೆದರೆ ಯಶ್ಮಿತಾಳ ಫೈಲು ಕಪಾಟಿನ ಹಿಂದೆ ಬಿದ್ದುಹೋದೀತೆಂಬ ಹೆದರಿಕೆ. ನನಗೆ ಹೆದರಿಕೆ ಸ್ವಲ್ಪ ಜಾಸ್ತಿ. ಹಾಗಿದ್ದೂ ಪತ್ರಿಕೆಗೆ ಬರೆಯುತ್ತಿದ್ದೇನೆಂದರೆ ಸಂಗತಿ ಎಲ್ಲಿಗೆ ಮುಟ್ಟಿದೆ ಎಂದು ತಾವೇ ಊಹಿಸಿ.

ಮಕ್ಕಳಾಗದವರ ಚಿಕಿತ್ಸೆ ನಡೆಯುವುದು ತಮ್ಮ ಹೆಂಗಸರ ವಿಭಾಗದಲ್ಲಿ. ಅದರ ಗೇಟಿನಲ್ಲಿ ದೊಡ್ಡ ಬೋರ್ಡು: 'ಗಂಡಸರಿಗೆ ಪ್ರವೇಶವಿಲ್ಲ'. ಬೋರ್ಡಿನ ಕೆಳಗೆ ವಾಚ್‌ಮನ್ ಸೆವರಿನಣ್ಣ. ಮೊದಲ ದಿನ ಯಶ್ಮಿತಾಳ ಹಿಂದೆಯೇ ನುಗ್ಗಿದಾಗ ಕೋಲು ಅಡ್ಡ ಹಿಡಿದರು.

"ಓ ಮಾರಾಯ್ರೇ, ಒಳಗೆ ನಿಮಗೆಂತ ಕೆಲಸ?"

"ಮಕ್ಕಳಾಗ್ಲಿಲ್ಲ. ಅದಕ್ಕೆ ಬಂದದ್ದು."

"ಅದು ಹೆಂಡತಿಗಲ್ವಾ?"

"ನನಗೂ ಆಗ್ಲಿಲ್ಲ."

ಸೆವರಿನಣ್ಣ ಬೋರ್ಡು ನೋಡಿದರು, ನನ್ನನ್ನು ನೋಡಿದರು. "ನೀವು ಹೇಳುವುದು ಸರಿ ಉಂಟು. ಆದ್ರೆ ಬೋರ್ಡಿನಲ್ಲಿ ಹಾಗೆ ಇಲ್ಲ" ಎಂದರು. ಅಂದಿನಿಂದ ನಾನು ಗೇಟಿನ ಹೊರಗಿನ ಕಂಬಕ್ಕೆ ಒರಗಿ ನಿಂತು ಚಿಕಿತ್ಸೆ ಪಡೆಯುತ್ತಿದ್ದೇನೆ.

ಒಳಗೆ ಅವಳ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಗರ್ಭನಳಿಕೆಗೆ ಔಷಧ ಬಿಟ್ಟು ಎಕ್ಸ್‌ರೇ ಹಿಡಿದರು. ಎಲ್ಲ ಸರಿ ಉಂಟಂತೆ. ಸರಿ ಇದ್ದದ್ದಕ್ಕೆ ಮಾತ್ರೆ, ಮಾತ್ರೆಗೆ ವಾಂತಿ. "ಗಂಡನನ್ನೂ ಒಮ್ಮೆ ನೋಡ್ತೀರಾ ಡಾಕ್ಟ್ರೇ?" ಎಂದು ಅವಳು ಕೇಳಿದ್ದಕ್ಕೆ ಡಾಕ್ಟರಮ್ಮ ಕಿಟಕಿಯಿಂದ ಇಣುಕಿ, "ಗಟ್ಟಿಮುಟ್ಟಾಗಿದ್ದಾರಲ್ಲ, ಅವರಿಗೆಂತ?" ಎಂದರಂತೆ. ನಾಲ್ಕು ವರ್ಷದಲ್ಲಿ ನನ್ನ ತಪಾಸಣೆ ನಡೆದದ್ದು ಅದೊಂದೇ. ಕಂಬಕ್ಕೆ ಒರಗಿದ್ದರಿಂದ ಗಟ್ಟಿ ಕಂಡಿರಬೇಕು.

ಹೊರಗಿನ ಲ್ಯಾಬಿಗೆ ಹೋಗಬಾರದೇ ಎನ್ನುವಿರಿ. ಹೋದೆ. ಕೇಳಲು ನಾಚಿಕೆ; ಹೆಂಗಸರೆಲ್ಲ ಹೋಗುವ ತನಕ ಗೋಡೆಯಲ್ಲಿದ್ದ ಶುಗರಿನ ಉಪದೇಶ ಓದುತ್ತಾ ನಿಂತೆ. ಕೊನೆಗೂ ಬಾಯಿಬಿಟ್ಟರೆ, "ಡಾಕ್ಟ್ರ ಚೀಟಿ ಬೇಕು" ಎಂದರು. ಚೀಟಿ ಬರೆಯುವ ಡಾಕ್ಟರು ಗೇಟಿನ ಒಳಗೆ!

ಅಮ್ಮನ ಒತ್ತಾಯಕ್ಕೆ ಬೋಳಾರದ ಜೋಯಿಸರಲ್ಲಿಗೂ ಹೋಗಿದ್ದೆವು. ಕವಡೆ ಮುಟ್ಟುವ ಮೊದಲೇ ಅವರು ಕೇಳಿದ್ದು, "ಇಬ್ಬರ ಜಾತಕವೂ ತಂದಿದ್ದೀರಾ?" ನಾಗದೋಷ ಹುಡುಕುವವರಿಗೆ ಇಬ್ಬರೂ ಬೇಕು, ವಿಜ್ಞಾನಕ್ಕೆ ಒಬ್ಬಳು ಸಾಕೇ? ಇದೆಂಥ ನ್ಯಾಯ ಸ್ವಾಮೀ?

ನಮ್ಮ ಬಸ್ಸಿನ ಕಂಡಕ್ಟರ್ ಅಫ್ರೋಝ್ ಬೇರೆ, "ದೀಪೇಶಣ್ಣ, ಇಡೀ ದಿನ ಎಂಜಿನ್ ಬಿಸಿಯಲ್ಲಿ ಕೂತ್ಕೊಳ್ಳುವವರು ನೀವು. ಬೇಯ್ಸಿದ ಮೊಟ್ಟೆಯಿಂದ ಮರಿ ಬರ್ತದಾ?" ಎಂದುಬಿಟ್ಟ. ಅವನಿಗದು ತಮಾಷೆ. ನನಗೆ ಆವತ್ತಿನಿಂದ ನಿದ್ದೆ ಇಲ್ಲ. ಅದು ನಿಜವೋ ಸುಳ್ಳೋ ಹೇಳಬೇಕಾದವರು ಕಂಡಕ್ಟರೋ, ತಾವೋ?

ಮುಂದಿನ ತಿಂಗಳು ಯಶ್ಮಿತಾಳ ಹೊಟ್ಟೆಗೆ ತೂತು ಮಾಡಿ ಕ್ಯಾಮರಾ ಇಳಿಸಿ ನೋಡುತ್ತಾರಂತೆ. ಅವಳು ಧೈರ್ಯದವಳು. ಮೊನ್ನೆ ಗಂಜಿ ಬಡಿಸುತ್ತಾ, "ನನ್ನೊಳಗೆ ಇನ್ನು ನೋಡ್ಲಿಕ್ಕೆ ಬಾಕಿ ಎಂತ ಉಂಟು?" ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. ದೋಷ ನನ್ನಲ್ಲೇ ಸಿಕ್ಕಿದರೆ ಎಂಬ ಹೆದರಿಕೆ ನನಗಿದೆ. ಅವಳ ಹೊಟ್ಟೆ ಕೊಯ್ದ ಮೇಲೆ ಸಿಕ್ಕಿದರೆ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ.

ಆದ್ದರಿಂದ ಮೊದಲು ನನ್ನನ್ನು ನೋಡಿ. ಅಲ್ಲಿಯ ತನಕ ಅವಳ ಆಪರೇಷನ್ ನಿಲ್ಲಿಸಿ. ಬೋರ್ಡು ತೆಗೆಯಬೇಕೆಂದಿಲ್ಲ. 'ಮಕ್ಕಳಾಗದ ಗಂಡಸರನ್ನು ಬಿಟ್ಟು' ಎಂದು ಕೆಳಗೊಂದು ಸಾಲು ಸೇರಿಸಿದರೆ ಸಾಕು, ಬಣ್ಣ ನಾನೇ ತರುತ್ತೇನೆ. ಸೆವರಿನಣ್ಣನೂ ಒಪ್ಪಿದ್ದಾರೆ: "ಸಾಹೇಬರು ಹೂಂ ಅಂದ್ರೆ ನಾನೇ ಕೈ ಹಿಡ್ದು ಒಳಗೆ ಕೂರಿಸ್ತೇನೆ ಮಾರಾಯ್ರೇ." ಮಂಗಳವಾರ ನನಗೆ ರಜೆ. ಯಶ್ಮಿತಾಳೂ ಬರುತ್ತಾಳೆ. ಈ ಸಲ ಕಂಬಕ್ಕೆ ಒರಗಿ ನಿಲ್ಲುವ ಸರದಿ ಅವಳದ್ದು.

ಇಂತಿ,
ಗೇಟಿನ ಹೊರಗಿನ ತಮ್ಮ ಅರ್ಧ ರೋಗಿ,
ದೀಪೇಶ್, ಕಾಟಿಪಳ್ಳ