ನಾಲ್ಕು ಬಿಳಿ ಅಣಬೆ

ಸೆಪ್ಟೆಂಬರ್ 11, ಬೆಳಿಗ್ಗೆ 7

ಹೊರಡಬೇಕು. ಚೀಲ, ಕೋಲು, ಚಾಕು ರೆಡಿ. ಹೆಂಡತಿ ಆಗಲೇ ಹೋಟೆಲ್ ಲಾಂಡ್ರಿ ಕೆಲಸಕ್ಕೆ ಹೋಗಿಯಾಯ್ತು. ಬ್ರೆಡ್ ಮುಚ್ಚಿಟ್ಟು ಚೀಟಿ ಬರೆದಿದ್ದಾಳೆ: "ಬೇಟೆಗಾರರೇ, ತಿಂದು ಹೋಗಿ." ಬೇಟೆಗಾರನಂತೆ! ಅಣಬೆ, ಸೊಪ್ಪು, ಬೇಲಿ ಹಣ್ಣು... ಇಷ್ಟೇ ನನ್ನ ಬೇಟೆ.

ಗ್ಲಾಸ್ ಫ್ಯಾಕ್ಟರಿ ಮುಚ್ಚಿ ಒಂದು ವರ್ಷ ಎರಡು ತಿಂಗಳು. ಇಪ್ಪತ್ತೆರಡು ವರ್ಷ ಓಡೋ ಬೆಲ್ಟ್ ಮುಂದೆ ಕೂತು ಬಾಟಲಿ ನೋಡಿದವನು. ಕೂದಲೆಳೆಯಷ್ಟು ಬಿರುಕಿದ್ದರೂ ಎತ್ತಿ ಆಚೆ ಇಡ್ತಿದ್ದೆ. ಈಗ ಈ ಕಣ್ಣು ಯಾರಿಗೂ ಬೇಡ. ಐವತ್ತು ದಾಟಿದವನ ಅರ್ಜಿ ಓದೋರೂ ಇಲ್ಲ.

ಸಂಜೆ

ಒಂದು ಹಿಡಿ ಸೊಪ್ಪು. ಅಣಬೆ ಇಲ್ಲ. ನೀರಿನ ಟ್ಯಾಂಕಿನ ಹಿಂದಿನ ತೋಪಲ್ಲಿ ಅಳಿಲೊಂದು ನೆಲ ಮೂಸಿ ಮೂಸಿ ಸರಿಯಾದ ಜಾಗದಲ್ಲೇ ಕೆದರಿ ಬೀಜ ತೆಗೆಯಿತು. ಅರ್ಧ ಗಂಟೆ ನೋಡ್ತಾ ನಿಂತೆ. ಹೊಟ್ಟೆಕಿಚ್ಚಾಯ್ತು, ಅಳಿಲಿನ ಮೇಲೆ!

ಸೆಪ್ಟೆಂಬರ್ 14

ಸೊಂಟ ಹಿಡಕೊಂಡಿದೆ. ಬಗ್ಗಿದರೆ ಏಳೋಕಾಗಲ್ಲ. ಅಣಬೆ ಕೀಳೋದು ಅಂದ್ರೆ ಮಂಡಿಯೂರಬೇಕು, ಬೆರಳಲ್ಲಿ ಮಣ್ಣು ಬಿಡಿಸಿ ಬುಡಸಮೇತ ಎತ್ತಬೇಕು. ಕಲಿಸಿದ್ದು ಅಣ್ಣ. ಬುಡ ಕಣ್ಣಾರೆ ನೋಡೋ ತನಕ ಬುಟ್ಟಿಗೆ ಹಾಕಬೇಡ ಅಂತಿದ್ದ. ಸಾಯೋ ತನಕ ಅದೇ ಹೇಳಿದ ಮಹರಾಯ. ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಮೇಲುಗಡೆ ಅಷ್ಟೇನೂ ವ್ಯತ್ಯಾಸ ಇರಲ್ಲ. ಕೆಟ್ಟದ್ದರ ಬುಡದಲ್ಲಿ ಮೊಟ್ಟೆ ಸಿಪ್ಪೆ ಥರ ಬಟ್ಟಲು ಇರುತ್ತೆ, ಮಣ್ಣೊಳಗೆ.

ಕೋಲಿನ ತುದಿಗೆ ಚಾಕು ಕಟ್ಟಿದೆ. ನಿಂತಲ್ಲೇ ಕೊಯ್ದು, ಚುಚ್ಚಿ ಎತ್ತಬಹುದು. ಇವಳು ನೋಡಿ, "ಇನ್ನೇನು, ಮಲಗಿದ್ದಲ್ಲೇ ಕೀಳೋ ಮೆಷಿನ್ ಮಾಡಿ" ಅಂದಳು. ಬಹಳ ದಿನದ ಮೇಲೆ ನಗು ಬಂತು.

ಸೆಪ್ಟೆಂಬರ್ 17, ಸಂಜೆ 7.30

ನಾಲ್ಕು ಸಿಕ್ಕಿತು! ಹಾಲಿನಂಥ ಬಿಳಿ, ಇನ್ನೂ ಪೂರ್ತಿ ಅರಳಿಲ್ಲ. ಒಂದರ ಅಂಚನ್ನ ಬಸವನಹುಳು ಮೇಯ್ದಿತ್ತು, ಹುಳು ಅಲ್ಲೇ ಕೂತಿತ್ತು, ಗಟ್ಟಿಮುಟ್ಟಾಗಿ. ಅದು ತಿಂದು ಬದುಕಿದೆ ಅಂದ್ಮೇಲೆ ಇನ್ನೇನು. ನಿಂತಲ್ಲೇ ಕೊಯ್ದೆ.

ಎಣ್ಣೆ, ಉಪ್ಪು, ಮೆಣಸು. ಹುರಿದ ಮೇಲೆ ಒಂದೇ ತಟ್ಟೆ ಆಯ್ತು. ಇವಳು ಹತ್ತು ಗಂಟೆ ಬಿಸಿ ಇಸ್ತ್ರಿ ಎದುರು ನಿಂತು ಬಂದಿದ್ದಳು, ಕೈಯೆಲ್ಲ ಕೆಂಪು. "ನಿಮಗೆ?" ಅಂದಳು. ನಂದಾಯ್ತು, ಮಾಡ್ತಾ ಮಾಡ್ತಾನೇ ತಿಂದೆ ಅಂದೆ. ಸುಳ್ಳು. ಬ್ರೆಡ್ ತಿಂದಿದ್ದೆ. ತಟ್ಟೆ ಒರೆಸಿ ಒರೆಸಿ ತಿಂದಳು. "ನೀವೊಬ್ಬರು ಇದ್ದೀರಿ ಬಿಡಿ, ಉಪವಾಸ ಕೆಡವಲ್ಲ" ಅಂದಳು. ಎಷ್ಟು ತಿಂಗಳಾಗಿತ್ತು ಇಂಥ ಮಾತು ಕೇಳಿ.

ಸೆಪ್ಟೆಂಬರ್ 18

ಬೆಳಿಗ್ಗೆ ಆರಕ್ಕೆ ಶುರು. ವಾಂತಿ, ಭೇದಿ, ನೀರು ಕೂಡ ನಿಲ್ತಿಲ್ಲ. ಅಣಬೆ ನೆನಪಾಯ್ತು. ಆಮೇಲೆ ಲೆಕ್ಕ ಹಾಕಿದೆ: ತಿಂದು ಹನ್ನೊಂದು ಗಂಟೆ. ಅಣಬೆಯದ್ದೇ ಆಗಿದ್ದರೆ ಮಲಗೋ ಮೊದಲೇ ಆಗಬೇಕಿತ್ತಲ್ಲ? ಇವಳೂ ಹಾಗೇ ಅಂದಳು. ಲಾಂಡ್ರಿಯಲ್ಲಿ ಯಾರೋ ಕೊಟ್ಟ ಮೊಸರು ಹುಳಿಯಾಗಿತ್ತಂತೆ. ಆಸ್ಪತ್ರೆ ಬೇಡ, ಸುಮ್ನೆ ಒಂದು ದಿನ ಹಾಳು ಅಂದಳು. ನಾನೂ ಬಲವಂತ ಮಾಡಲಿಲ್ಲ. ಉಪ್ಪು ಸಕ್ಕರೆ ನೀರು ಕುಡಿಸ್ತಾ ಕೂತೆ.

ಸೆಪ್ಟೆಂಬರ್ 19

ನಿಂತಿತು! ಗಂಜಿ ಕುಡಿದಳು. ಎದ್ದು ಕೂದಲು ಬಾಚಿಕೊಂಡಳು. "ಹೆದರಿ ಬೆಳ್ಳಗಾಗಿದ್ರಿ, ನನಗಿಂತ ನಿಮ್ಮನ್ನೇ ಅಡ್ಮಿಟ್ ಮಾಡಬೇಕಿತ್ತು" ಅಂತ ತಮಾಷೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಬದುಕಿದೆ.

ಸೆಪ್ಟೆಂಬರ್ 20

ಬೆಳಿಗ್ಗೆ ಕಿಟಕಿ ತೆಗೆದೆ. ಇವಳ ಕಣ್ಣು ಹಳದಿ.

ಮಧ್ಯಾಹ್ನ, ಆಸ್ಪತ್ರೆ

ಡಾಕ್ಟರು ಹುಡುಗಿ, ನಮ್ಮ ಮಗಳ ವಯಸ್ಸು, ಮಗಳಿದ್ದಿದ್ದರೆ. ಏನು ತಿಂದ್ರು ಅಂತ ಕೇಳಿದರು. ಅಣಬೆ ಅಂದೆ. ಪೆನ್ನು ಕೆಳಗಿಟ್ಟರು. ಎಷ್ಟು ಹೊತ್ತಿಗೆ ವಾಂತಿ? ಹನ್ನೊಂದು ಗಂಟೆ. ಮಧ್ಯೆ ಒಂದು ದಿನ ಹುಷಾರಾದ್ರಾ? ಆದಳು ಅಂದೆ. ಅದೇ ಆ ವಿಷದ ರೀತಿಯಂತೆ. ತಡವಾಗಿ ಶುರುವಾಗುತ್ತೆ, ಸುಧಾರಿಸಿದ ಹಾಗೆ ಕಾಣುತ್ತೆ, ಅಷ್ಟರಲ್ಲಿ ಲಿವರ್ ಹಿಡಿದಿರುತ್ತೆ.

ಬಸವನಹುಳು ತಿಂದಿತ್ತು ಅಂದೆ. ನನ್ನ ದನಿ ನನಗೇ ಅಸಹ್ಯ ಆಯ್ತು. "ಅದಕ್ಕೇನೂ ಆಗಲ್ಲ. ಅದರ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ" ಅಂದರು. ಬೈಯಲಿಲ್ಲ. ಉಳಿದದ್ದು ಏನಾದರೂ ಇದ್ರೆ ತನ್ನಿ ಅಂದರು.

ಸಂಜೆ 5

ತೋಪಿಗೆ ಓಡಿದೆ. ಕೊಯ್ದ ಜಾಗದಲ್ಲಿ ನಾಲ್ಕು ಬಿಳಿ ಗುರುತು. ಮಂಡಿಯೂರಿದೆ. ಸೊಂಟ ನೋಯಲೇ ಇಲ್ಲ, ದರಿದ್ರದ್ದು. ಬೆರಳಲ್ಲಿ ಮಣ್ಣು ಬಿಡಿಸಿದೆ. ನಾಲ್ಕಕ್ಕೂ ಬಟ್ಟಲು.

ಬಗ್ಗಿದ್ದರೆ ಕಾಣ್ತಿತ್ತು. ಒಂದೇ ಒಂದು ಸಲ ಬಗ್ಗಿದ್ದರೆ! ಅಯ್ಯೋ, ನನ್ನ ಕೈ ಸೇದಿ ಹೋಗಬಾರದಿತ್ತೇ.

ಸೆಪ್ಟೆಂಬರ್ 22

ಇವಳ ತಂಗಿ ಬಂದಿದ್ದಾಳೆ, ಒಂದು ದಿನದ ಬಸ್ ಪ್ರಯಾಣ ಮಾಡಿ. ವಾರ್ಡಿನಿಂದ ಅಳ್ತಾ ಹೊರಗೆ ಬಂದು ನನ್ನ ಕೈ ಹಿಡಿದಳು. "ಭಾವ, ಅಕ್ಕನಿಗೆ ಬುದ್ಧಿ ಬೇಡ್ವಾ? ಲಾಂಡ್ರಿ ಹಿಂದೆ ಬೆಳೆದದ್ದನ್ನ ಕಿತ್ತು ತಿಂತಾರಾ ಯಾರಾದ್ರೂ? ಮನೇಲಿ ನಿಮ್ಮಂಥ ತಿಳಿದವರು ಇದ್ದಾರೆ, ಒಂದು ಸಲ ತೋರಿಸಬಾರದಾ?"

ಏನೂ ಅರ್ಥ ಆಗಲಿಲ್ಲ. ಆಮೇಲೆ ಆಯ್ತು. ಅವಳು ನನ್ನ ಬೆನ್ನು ಸವರಿದಳು. ಸವರಿಸಿಕೊಂಡು ನಿಂತಿದ್ದೆ.

ಸೆಪ್ಟೆಂಬರ್ 23

ಹತ್ತು ನಿಮಿಷ ಒಳಗೆ ಬಿಟ್ಟರು. ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ, ಯಾಕೇ ಹಾಗೆ ಹೇಳಿದೆ? ಕಣ್ಣು ಬಿಡೋಕೇ ಕಷ್ಟ ಅವಳಿಗೆ.

"ಅವಳ ನಾಲಿಗೆ ಗೊತ್ತಲ್ಲ ನಿಮಗೆ. ನಿಮ್ಮನ್ನ ಬೈದರೆ ಎದ್ದು ಜಗಳ ಆಡೋ ಶಕ್ತಿ ಇಲ್ಲ ನನಗೀಗ. ಸುಮ್ನಿರಿ."

"ತಪ್ಪು ನಂದು ಕಣೇ."

"ನೀವು ತಿಂದಿರಲಿಲ್ಲ ಅಲ್ವಾ ಅವತ್ತು?"

ಇಲ್ಲ ಅಂದೆ.

"ಸದ್ಯ" ಅಂದಳು.

ಸೆಪ್ಟೆಂಬರ್ 25

ನಿನ್ನೆಯಿಂದ ಗುರುತು ಹಿಡೀತಿಲ್ಲ. ನನ್ನನ್ನ ನೋಡಿ ಇಸ್ತ್ರಿ ಬಟ್ಟೆ ಯಾವ ರೂಮಿಂದು ಅಂತ ಕೇಳಿದಳು. ಬೇರೆ ಲಿವರ್ ಸಿಕ್ಕರೆ ನೋಡಬಹುದು ಅಂದರು ಡಾಕ್ಟರು. ನಂದು ತಗೊಳ್ಳಿ ಅಂದೆ. ಟೆಸ್ಟ್ ಮಾಡಿದರು. ಹೊಂದಲ್ಲ. ತಂಗಿಯದ್ದೂ ಹೊಂದಲ್ಲ. ಕಾಯೋರ ಪಟ್ಟಿಗೆ ಹೆಸರು ಹಾಕಿದ್ದಾರೆ.

ಪಟ್ಟಿಯಲ್ಲಿ ಎಷ್ಟನೆಯದು ಅಂತ ಕೇಳಲು ಧೈರ್ಯ ಆಗಲಿಲ್ಲ.

ಸೆಪ್ಟೆಂಬರ್ 26, ಬೆಳಿಗ್ಗೆ 8

ನಾದಿನಿ ಬಲವಂತವಾಗಿ ಮನೆಗೆ ಕರಕೊಂಡು ಬಂದಳು, ಸ್ನಾನ ಮಾಡಿ ಎರಡು ತುತ್ತು ತಿನ್ನಿ ಅಂತ. ತಿಂದೆ. ಮೂರು ಮೊಟ್ಟೆ, ಅಷ್ಟೂ ಬ್ರೆಡ್ ತಿಂದೆ. ಹಸಿವಾಗಿತ್ತು. ಇಂಥ ಹೊತ್ತಲ್ಲೂ ಹಸಿಯುತ್ತೆ, ನಾಚಿಕೆಗೆಟ್ಟ ಹೊಟ್ಟೆ. "ಪಾಪ, ನಿಮ್ಮನ್ನ ಈ ಗತಿಗೆ ತಂದಳಲ್ಲ ಭಾವ" ಅಂತ ಇನ್ನೊಂದು ಮೊಟ್ಟೆ ಒಡೆದಳು. ಅಕ್ಕನ ಮೇಲೆ ಕೋಪ ಅವಳಿಗೆ, ನಿಜವಾದ ಕೋಪ. ಆ ಕೋಪ ಇಟ್ಟುಕೊಂಡೇ ಇವಳನ್ನ ಕಳಿಸಿಕೊಡ್ತಾಳೆ. ಅದಾಗಬಾರದು. ಇವಳು ಸುಮ್ನಿರಿ ಅಂದಿದ್ದಾಳೆ ನಿಜ, ಆದರೆ ಅದೊಂದು ಮಾತು ನಾನು ಕೇಳಲ್ಲ. ಉಸಿರಿರುವಾಗಲೇ ಹೇಳಬೇಕು. ಆಮೇಲೆ ಹೇಳಿದರೆ ಏನು ಬಂತು? ಈಗ ಹೋಗಿ ಹೇಳ್ತೀನಿ: ಕೊಯ್ದದ್ದು ನಾನು, ಹುರಿದದ್ದು ನಾನು, ಬಡಿಸಿದ್ದು ನಾನು, ನಿನ್ನ ಅಕ್ಕನದ್ದು ಏನೇನೂ

ಫೋನ್. ನಾದಿನಿ ಎತ್ತಿದಳು. ಇಲ್ಲಿಂದ ಬೆನ್ನು ಮಾತ್ರ ಕಾಣ್ತಿದೆ. ಹ್ಞೂಂ ಅಂತಿದ್ದಾಳೆ, ಹ್ಞೂಂ, ಹ್ಞೂಂ... ಒಲೆ ಆರಿಸಿದಳು. ತಿರುಗೋ ಮೊದಲು ಹೇಳಿಬಿಡ್ತೀನಿ, ಅವಳು ತಿರುಗೋ ಮೊದ