ಕನ್ನಡಿಯಲ್ಲಿ ಕಂಡ ಸೂಜಿ

ಹದಿನೇಳನೇ ತಾರೀಖು, ಮಧ್ಯಾಹ್ನ

ಪುಟ್ಟಿಯ ಅಮ್ಮನಿಗೆ,

ಮೊದಲು ಖರ್ಚು ಹೇಳಿಬಿಡ್ತೀನಿ, ಕ್ಷೇಮ ಸಮಾಚಾರ ಆಮೇಲೆ. ಸೆಲೂನಿನ ಗಡಿಯಾರಕ್ಕೆ ಸೆಲ್ ಹಾಕಲು ಹೋಗಿ, ತಿರುಗೋ ಕುರ್ಚಿ ಹತ್ತಿ ಬಿದ್ದದ್ದಕ್ಕೆ ಇವತ್ತಿನವರೆಗೆ ಹೋದದ್ದು: ಎರಡು ಕುರ್ಚಿ ಮಾರಿದ ದುಡ್ಡು, ನಿನ್ನ ಉಳಿತಾಯ, ಒಂದು ವರ್ಷದ ಗಿರಾಕಿ, ಆಮೇಲೆ ನೀನು. ಸೆಲ್ ಮಾತ್ರ ಅಗ್ಗಕ್ಕೆ ಸಿಕ್ಕಿತ್ತು.

ಕಳಚಿದ ಭುಜವನ್ನು ಮೂಳೆ ಡಾಕ್ಟರು ಕೂರಿಸಿದರು, ಸೀಳಿದ ಮೂಳೆಯೂ ಕೂಡಿಕೊಂಡಿತು. ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ದಿನವೇ ನೀನು ಅಂದೆ: ಅಂಗಿಯ ಹೆಗಲು ಖಾಲಿ ಚೀಲದ ಹಾಗೆ ಜೋತಿದೆ, ಇನ್ನೊಬ್ಬರಿಗೆ ತೋರಿಸೋಣ. ನೀನ್ಯಾವಾಗ ಡಾಕ್ಟರಾದೆ ಅಂತ ಗಿರಾಕಿಗಳ ಮುಂದೆ ನಕ್ಕೆ. ಮೂರನೇ ಸಲ ನಕ್ಕಾಗ ನೀನು ಪುಟ್ಟಿಯ ಕೈ ಹಿಡಿದು ತವರಿಗೆ ಹೊರಟೆ.

ನಿನ್ನಿಂದ ಮುಚ್ಚಿಟ್ಟದ್ದು ಒಂದಿದೆ. ನರ ನೋಡೋಕೆ ಅಂತ ಆ ಮೂಳೆ ಡಾಕ್ಟರು ತೋಳಿನ ಹೊರಮಗ್ಗುಲಿಗೆ ಸೂಜಿ ಚುಚ್ಚಿ, ಗೊತ್ತಾದಾಗ ಹೇಳು ಅಂದಿದ್ದರು. ಸೂಜಿ ಕಾಣದ ಹಾಗೆ ಮುಖ ಆಚೆ ತಿರುಗಿಸಿ ಕೂತೆ. ಎದುರಿಗೆ ಬೇಸಿನ್ ಮೇಲೆ ಕನ್ನಡಿ! ಇಷ್ಟು ವರ್ಷ ಕನ್ನಡಿ ನೋಡಿಯೇ ಕೆಲಸ ಮಾಡಿದವನಿಗೆ ಇದು ಯಾವ ಮಹಾ ಕಷ್ಟ? ಸೂಜಿ ಇಳಿದಾಗಲೆಲ್ಲ ಚುರುಕ್ ಅಂತು ಅಂದೆ. ನರ ಹೋಗಿದೆ ಅಂದರೆ ಅಂಗಡಿ ತೆರೆಯಬೇಡ ಅಂತಾರಲ್ಲ, ಆ ಭಯ. ನರ ಚೆನ್ನಾಗಿದೆ, ವ್ಯಾಯಾಮ ಮಾಡು ಅಂತ ಕಳಿಸಿದರು. ಗೆದ್ದೆ ಅಂದುಕೊಂಡು ಬಂದೆ.

ನಿನ್ನೆ ದೊಡ್ಡಾಸ್ಪತ್ರೆಯ ನರದ ಡಾಕ್ಟರಮ್ಮ ಅದೇ ಸೂಜಿ ಪರೀಕ್ಷೆಗೆ ಕಣ್ಣು ಮುಚ್ಚಿಸಿದರು. ಕಾದೆ, ಕಾದೆ. ಯಾವಾಗ ಶುರು ಮಾಡ್ತೀರಿ ತಾಯಿ ಅಂದೆ. ಆಗಲೇ ಮುಗೀತಲ್ಲಪ್ಪ ಅಂದರು.

ಮೊದಲ ಆರು ತಿಂಗಳಲ್ಲಿ ಬಂದಿದ್ದರೆ ನರ ಜೋಡಿಸಬಹುದಿತ್ತಂತೆ. ಈಗ ಜೋಡಿಸಿದರೂ ಒಣಗಿದ ಸ್ನಾಯು ಮಾತು ಕೇಳಲ್ಲವಂತೆ. ಬೆರಳಿಗೇನೂ ಆಗಿಲ್ಲ, ಕತ್ತರಿ ಮೊದಲಿನ ಹಾಗೇ ಚಕಚಕ ಆಡುತ್ತೆ, ಆದರೆ ನನ್ನ ತೊಡೆಯ ಮೇಲೆ. ಗಿರಾಕಿಯ ತಲೆವರೆಗೆ ಕೈ ಏಳಲ್ಲ.

ವಾಪಸ್ ಬಾ ಅಂತ ಕರೆಯೋ ಮುಖ ನನಗಿಲ್ಲ. ಪುಟ್ಟಿಯ ಕೂದಲು ಕಣ್ಣಿಗೆ ಬೀಳ್ತಿರಬೇಕು. ಅಪ್ಪನೇ ಕತ್ತರಿಸಲಿ ಅಂತ ಹಟ ಮಾಡಿದರೂ ಬೇರೆಯವರ ಹತ್ತಿರ ಕರ್ಕೊಂಡು ಹೋಗು.

ಇತಿ,
ನಿನ್ನ ಬಾಯಿಬಡುಕ

ಮರೆತ ಮಾತು: ಅಂಗಡಿ ಜೋರಾಗಿ ನಡೀತಿದೆ ಅಂತ ನಿನ್ನ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಇವತ್ತು ಬೆಳಿಗ್ಗೆ ಖಾಲಿ ಮಾಡಿದೆ. ಎದುರಿನ ಸೆಲೂನಿನವನಿಗೆ ಗಿರಾಕಿಗಳು ದಕ್ಕಿದರು. ಗುಜರಿಯವನಿಗೆ ಕೊನೆಯ ಕುರ್ಚಿ. ನಿನಗೆ, ನೀನು ಅಂದದ್ದೇ ಸರಿ ಅನ್ನೋ ಮಾತು. ನನಗೆ ಕನ್ನಡಿಗಳು, ಅವನ್ನು ಯಾರೂ ಕೊಳ್ಳಲಿಲ್ಲ.