ನೀರಿಳಿದಾಗ ಕಂಡ ಅರಮನೆ

ಮೇ 3
ಮಂಡಿಗೆ ಪಟ್ಟಿ ಸುತ್ತಿ ಹೊರಟೆ. ಹುಡುಕಾಟದ ನಾಲ್ಕನೇ ದಿನ. ಅಣೆಕಟ್ಟಿನ ದುರಸ್ತಿಗೆಂದು ನೀರು ಇಳಿಸಿದ್ದಾರೆ. ಅರವತ್ತು ವರ್ಷ ಮುಳುಗಿದ್ದ ನಮ್ಮ ಹುಲ್ಲುಗಾವಲು ಮೇಲೆದ್ದಿದೆ. ಬರೀ ಕೆಸರು, ಮರದ ಬುಡಗಳು. ಹದಿನೈದಕ್ಕೆ ಮತ್ತೆ ತುಂಬಿಸುತ್ತಾರಂತೆ. ಅಷ್ಟರೊಳಗೆ ಚಿಕ್ಕಂದಿನ ನಮ್ಮ ಅರಮನೆ ಸಿಗಲೇಬೇಕು, ಫೋಟೊ ಆಗಲೇಬೇಕು.

ಸಂಜೆ ಉಮೆಯೊ ಪಟ್ಟಣದಲ್ಲಿರುವ ಅಕ್ಕ ಗುನ್ವೋರ್‌ಗೆ ಫೋನ್ ಮಾಡಿದೆ.

"ಅರಮನೆಯೂ ಇಲ್ಲ, ಗಿರಮನೆಯೂ ಇಲ್ಲ ಟೋರಾ. ಒಂದು ಕಲ್ಲಿತ್ತು, ಅಷ್ಟೇ. ಮನೆ ಬಿಡೋ ದಿನ ಅಮ್ಮ ಅತ್ತಿದ್ದು ನಂಗೆ ನೆನಪಿದೆ. ನಿಂಗೆ ಐದು ವರ್ಷ, ಬರೀ ಆಟ ನೆನಪು."

ಆದರೂ ನಾಳೆ ಹೋಗುತ್ತೇನೆ.

ಮೇ 6
ಸಿಕ್ಕಿತು! ಕಲ್ಲಿನ ನಡುವಿನ ಸೀಳಿನಿಂದ ಗುರುತು ಹಿಡಿದೆ — ಅದೇ ನಮ್ಮ ಹೆಬ್ಬಾಗಿಲು. ಆದರೆ... ನನ್ನ ಹೆಗಲೆತ್ತರವೂ ಇಲ್ಲ. ಇಗರ್ಜಿಯಷ್ಟು ದೊಡ್ಡದಿತ್ತು, ನಿಜವಾಗಿಯೂ ಇತ್ತು. ಆರು ಫೋಟೊ ತೆಗೆದೆ. ಆರರಲ್ಲೂ ಕೆಸರಲ್ಲಿ ಕೂತ ಒಂದು ಬಂಡೆ.

ಮೇ 11
ಐದು ದಿನ ಬಿಡದ ಮಳೆ. ಸುಮ್ಮನೆ ಕೂರಲಿಲ್ಲ. ಪಕ್ಕದ ಮನೆಯ ಪುಟ್ಟ ಎಬ್ಬಾಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ ಟೇಪು ಹಿಡಿದೆ.

"ಟೋರಾ, ಏನ್ ಅಳೀತಿದೀಯ?"

"ನಿನ್ನ ಕಣ್ಣು ಎಲ್ಲಿದೆ ಅಂತ."

"ಮೂಗಿನ ಮೇಲೆ!"

ಐದು ವರ್ಷದ ಕಣ್ಣು — ನೆಲದಿಂದ ಒಂದು ಮೀಟರ್. ಇಷ್ಟು ದಿನ ಮುದುಕಿಯ ಎತ್ತರದಿಂದ ನೋಡುತ್ತಿದ್ದೆ. ದಡ್ಡಿ.

ಮೇ 14
ಟ್ರೈಪಾಡ್ ಕುಗ್ಗಿಸಿ, ಕೆಸರಲ್ಲಿ ಮಂಡಿಯೂರಿ, ಸೀಳಿಗೆ ತೀರ ಹತ್ತಿರ ಹೋದೆ. ಕಲ್ಲು ಎದ್ದು ನಿಂತಿತು. ಆಕಾಶವನ್ನೇ ಮುಚ್ಚಿತು. ಅದೇ!

ಬೆನ್ನ ಹಿಂದೆ ಬೂಟಿನ ಸದ್ದು. ಗುನ್ವೋರ್! ಮೂರು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದಾಳೆ, ಒಂದು ಮಾತೂ ಹೇಳದೆ.

"ಈ ಕೆಸರಲ್ಲಿ ಸಾಯ್ಬೇಕು ಅಂತಿದೀಯಾ? ಏಳೇ ಮೇಲೆ."

"ಮೊದ್ಲು ಇಲ್ಲಿ ನೋಡು."

ಬೈಯುತ್ತಲೇ ಬಗ್ಗಿ ಕ್ಯಾಮೆರಾಗೆ ಕಣ್ಣಿಟ್ಟಳು. ಬಹಳ ಹೊತ್ತು ಏಳಲಿಲ್ಲ.

"ಯಾವಾಗ್ಲೂ ನೀನೇ ರಾಣಿ," ಅಂದಳು. "ನಾನು ಬಾಗಿಲು ಕಾಯ್ಬೇಕು. ಒಂದ್ ಸಲಾನೂ ಬಿಟ್ಕೊಡ್ಲಿಲ್ಲ ನೀನು."

ಹಾಗಾದರೆ ಮರೆತಿರಲಿಲ್ಲ. ಅರವತ್ತು ವರ್ಷ ಸಿಟ್ಟು ಇಟ್ಟುಕೊಂಡಿದ್ದಳು, ಪಾಪ.

ಮೇ 15, ಬೆಳಿಗ್ಗೆ 7
ನೀರು ಏರುತ್ತಿದೆ. ಕಲ್ಲಿನ ಬುಡ ಮುಟ್ಟಿತು. ಫಿಲ್ಮಿನಲ್ಲಿ ಒಂದೇ ಫೋಟೊಗೆ ಜಾಗ ಉಳಿದಿದೆ. ಗುನ್ವೋರ್ ಕಲ್ಲು ಹತ್ತಿ ಕೂತಿದ್ದಾಳೆ — ಅರವತ್ತೆಂಟು ವರ್ಷ, ಬೆನ್ನು ನೆಟ್ಟಗೆ, ಗದ್ದ ಮೇಲಕ್ಕೆ.

"ಗೀಚಿದ್ದು ಸಾಕು! ರಾಣಿನ ಹೀಗೆ ಕಾಯಿಸ್ತಾರೇನೇ?"

ಮಂಡಿಯೂರಬೇಕು, ನೀರೊಳಗೇ. ತಣ್ಣಗೆ ಕೊರೆಯುತ್ತಿದೆ. ಬಂದೆ, ಬಂ—